ಪೂಜೆಯ ಸಾಲು ಬಿಟ್ಟು ಹೊರಟ ಗಾಡಿ

ಸೋಲಾಪುರದ ಶೋರೂಮಿನ ಮುಂದೆ ಯಾರದೋ ಹೊಸ ಬೈಕು ನಿಂಬೆಹಣ್ಣು ತುಳಿದು ಹೊರಟಿತು. ಆ ಹುಳಿ ವಾಸನೆ, ಜೊತೆಗೆ ಹೊಸ ರಬ್ಬರಿನದು… ನನ್ನ ಕೈಯಲ್ಲಿ ಆಗಷ್ಟೇ ಸಿಕ್ಕ ಬಿ.ಕಾಂ. ಪ್ರಮಾಣಪತ್ರವಿತ್ತು. ಅದು ನನಗೆ ಸಿಗುವ ಮಾತೇ ಇಲ್ಲ ಎಂದವರು ನನ್ನ ಕಾಕಾ.

"ಗಜಕೋಲು ಹಿಡಿಯೂ ಮನಿತನ ನಮ್ದು. ಇಲ್ಲಿ ಡಿಗ್ರಿ-ಗಿಗ್ರಿ ಆಗೂದಿಲ್ಲ, ಪೋರಿ," ಎನ್ನುತ್ತಿದ್ದರು. ಕುಹಕಕ್ಕೆ ಅಂದದ್ದಲ್ಲ. ನಮ್ಮಲ್ಲಿ ಹತ್ತನೆಯ ತರಗತಿ ದಾಟಿದವರೇ ಇರಲಿಲ್ಲ. ಅಕ್ಕಲಕೋಟದ ಅವರ ಜವಳಿ ಅಂಗಡಿಯಲ್ಲಿ ಸೀರೆ ಮಡಚುತ್ತಲೇ ನಾನು ಓದಿದೆ.

ಕಾಕಾಗೆ ಒಂದೇ ಹುಚ್ಚು, ಹೊಸ ಮೋಟರ್‌ಸೈಕಲ್. ಅಂಗಡಿಯ ಮಾಲು ತರಲು ಸೋಲಾಪುರಕ್ಕೆ ಹೋದಾಗಲೆಲ್ಲ ಶೋರೂಮಿನ ಗಾಜಿಗೆ ಹಣೆ ಹಚ್ಚಿ ನಿಂತು ಬರುತ್ತಿದ್ದರು. ಅರ್ಧ ಆಯುಷ್ಯ ಕಳೆದ ಮೇಲೆ ಕೊಂಡರು. ಕಪ್ಪು ಬಣ್ಣ, ಟ್ಯಾಂಕಿನಲ್ಲಿ ಮುಖ ಕಾಣುವಷ್ಟು ಹೊಳಪು. ಸೀಟಿನ ಪ್ಲಾಸ್ಟಿಕ್ ತೆಗೆಯಗೊಡಲಿಲ್ಲ. ಟೈರಿನ ಮೇಲಿನ ರಬ್ಬರಿನ ಸಣ್ಣ ಮುಳ್ಳುಗಳನ್ನು ಸವರಿ ಸವರಿ ನಗುತ್ತಿದ್ದರು. ಗುರುವಾರ ಪೂಜೆಯಾಗುವವರೆಗೆ ಅದನ್ನು ಯಾರೂ ಹತ್ತುವಂತಿರಲಿಲ್ಲ. ಗುಡಿಯವರೆಗೆ ತಾವೂ ತಳ್ಳಿಕೊಂಡೇ ಹೋದರು.

ಆ ಗುರುವಾರವೇ ಸೋಲಾಪುರದಲ್ಲಿ ನನ್ನ ಕೊನೆಯ ಪೇಪರು. ಗುಡಿಗೆ ಬಂದವರ ಗದ್ದಲದಲ್ಲಿ ಬಸ್ಸೂ ತುಂಬಿತ್ತು, ಜೀಪೂ ತುಂಬಿತ್ತು. ಕಾಕಾನ ಕಡೆ ಓಡಿದೆ. ಹೊಸ ಗಾಡಿಗಳ ಸಾಲಿನಲ್ಲಿ ನಿಂತಿದ್ದರು. ಹ್ಯಾಂಡಲ್‌ಗೆ ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ಪೂಜಾರಿ ಇನ್ನೂ ದೂರವಿದ್ದರು. ಕಾಕಾ ನನ್ನ ಮುಖ ನೋಡಿದರು, ಕಾಲೇಜಿನ ಗೇಟು ಹಾಕುವ ಹೊತ್ತು ಕೇಳಿದರು, ನಿಂಬೆಹಣ್ಣು ತೆಗೆದು ನನ್ನ ಮುಷ್ಟಿಯಲ್ಲಿಟ್ಟರು.

"ಅಹೋ, ಪೂಜಿ ಇಲ್ಲದ ಗಾಡಿ! ಏನರೇ ಆದ್ರ?" ಕಾಕಾನ ಹೆಂಡತಿ, ನನ್ನ ಕಾಕು, ಹ್ಯಾಂಡಲ್ ಹಿಡಿದುಕೊಂಡರು.

"ದೇವ್ರು ನಾಳೇನೂ ಇಲ್ಲೇ ಇರ್ತಾನ. ಪೇಪರ್ ಇರೂದಿಲ್ಲ. ಸರಿ ಬಾಜೂಕ."

ಹೊಸ ಎಂಜಿನ್ನು, ನಲವತ್ತು ದಾಟಿಸಬೇಡಿ ಎಂದು ಶೋರೂಮಿನವರ ಕಟ್ಟಪ್ಪಣೆ. ಅರ್ಧ ದಾರಿಯ ವಳಸಂಗ ದಾಟಿದರೂ ಸ್ಪೀಡಿನ ಮುಳ್ಳು ನಲವತ್ತರಲ್ಲೇ ನಡುಗುತ್ತಿತ್ತು. ಕಾದ ಸೈಲೆನ್ಸರಿನಿಂದ ಸುಟ್ಟ ಬಣ್ಣದ ವಾಸನೆ… ನನ್ನ ಮುಷ್ಟಿಯ ನಿಂಬೆಹಣ್ಣು ಹಿಚುಕಿಹೋಗಿ ರಸ ಮೊಣಕೈಗೆ ಇಳಿದಿತ್ತು. ಬೇಗ ಎನ್ನಲು ಬಾಯಿ ಬರಲಿಲ್ಲ. ಎಂಐಡಿಸಿ ಕಾರ್ಖಾನೆಗಳ ಹತ್ತಿರ ನೂಲಿನ ಲಾರಿಗಳು ದಾರಿ ಕಟ್ಟಿದ್ದವು. ಕಾಕಾ ಟ್ಯಾಂಕನ್ನೊಮ್ಮೆ ಸವರಿ, "ಮಾಫ್ ಮಾಡವ್ವಾ," ಎಂದು ಗಾಡಿಗೇ ಹೇಳಿ, ಸಂದಿಯಲ್ಲಿ ನುಗ್ಗಿಸಿದರು. ಮುಳ್ಳು ಎಲ್ಲಿಗೆ ಹೋಯಿತೋ, ನಾನು ಕಣ್ಣು ಮುಚ್ಚಿದ್ದೆ. ಗೇಟು ಎಳೆಯುತ್ತಿರುವಾಗ ಒಳಹೊಕ್ಕೆ.

"ಆಗೂದಿಲ್ಲ ಅಂದಿದ್ದೆ… ಸುಳ್ಳ ಮಾಡು ನೋಡೂಣು!" ಹಿಂದಿನಿಂದ ಕೂಗಿದರು.

ಆಮೇಲೆ ಅವರು ಗಾಡಿಯನ್ನು ಪೂಜೆಗೆ ಒಯ್ಯಲೇ ಇಲ್ಲ. ಯಾಕೆಂದು ನನಗೆ ಹೇಳಲೂ ಇಲ್ಲ. ಫಲಿತಾಂಶಕ್ಕೆ ಮುಂಚೆಯೇ ಅಂಗಡಿಯ ಗಾದಿಯ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಪೂಜೆಯಿಲ್ಲದ ಗಾಡಿ ನುಂಗಿತು ಎಂದಿತು ಓಣಿ. ಕಾಕುವಿನ ಎದುರು ನಿಲ್ಲುವ ಧೈರ್ಯ ನನಗಾಗಲಿಲ್ಲ.

ಇಂದು ಸೋಲಾಪುರದಿಂದ ನೇರ ಅವರ ಮನೆಗೆ ಹೋದೆ. ಹೊಸ್ತಿಲಿನಿಂದಲೇ ಪಡಸಾಲೆಯ ಗಾಡಿ ಕಾಣುತ್ತಿತ್ತು. ಟೈರಿನ ಅಂಚಿಗೆ ಆ ಮುಳ್ಳುಗಳು ಇನ್ನೂ ಇವೆ. ಸವರುವ ಕೈ ಇಲ್ಲ. ಹೊರಗೆ ನಿಂತೇ ಪ್ರಮಾಣಪತ್ರವನ್ನು ಕಾಕುವಿನ ಕೈಗಿಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದರು.

"ಅವತ್ತ ಸಂಜೀಕ ಕೇಳಿದ್ದೆ, ಪೂಜಿ ಯಾವಾಗ್ರಿ ಅಂತ. 'ಪೋರಿ ಗೇಟಿನೊಳಗ ಹೋದ್ಲು, ಪೂಜಿ ಆತು' ಅಂದ್ರು. ಮಂದಿಗೇನ ಗೊತ್ತ… ಹೊರಗ್ಯಾಕ ನಿಂತಿ? ಒಳಗ ಬಾ."