ನಾನು ಕೊಟ್ಟದ್ದು ಎಂಜಲು

ಕೆಮ್ಮು ಯಾವ ದಿನ ಶುರುವಾಯಿತೋ ನೆನಪಿಲ್ಲ. ಕುಂದಲಹಳ್ಳಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ನಾನು ನರ್ಸ್. ಸುತ್ತಮುತ್ತ ಕಟ್ಟಡಗಳು ಏಳುತ್ತಲೇ ಇರುತ್ತವೆ. ಧೂಳು ಕುಡಿದು ಕೆಮ್ಮುವವರು ನಮ್ಮಲ್ಲಿಗೆ ದಿನವೂ ಬರುತ್ತಾರೆ. ನನ್ನದೂ ಧೂಳಿನ ಕೆಮ್ಮೇ ಅಂದುಕೊಂಡೆ. ಸಿರಪ್ ಕುಡಿದೆ. ಕಷಾಯ ಕುಡಿದೆ. ಮೂರು ವಾರ ಕಳೆಯಿತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಯೂನಿಫಾರ್ಮ್ ಸಡಿಲವಾಗಿದ್ದನ್ನು ಕಂಡ ಜೊತೆಯವರು ಡಯೆಟ್ ಮಾಡುತ್ತಿದ್ದೀಯಾ ಎಂದು ಕೇಳಿದರು. ನಕ್ಕುಬಿಟ್ಟೆ.

ಬೇರೆ ಯಾರಾದರೂ ಇದೇ ಲಕ್ಷಣ ಹೇಳಿದ್ದರೆ ತಕ್ಷಣ ಕಫದ ಕಪ್ ಕೈಗೆ ಕೊಡುತ್ತಿದ್ದೆ.

ಕೊನೆಗೆ ನಮ್ಮ ಡಾಕ್ಟರೇ ಎಕ್ಸ್‌ರೇ ತೆಗೆಸಿದರು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಪ್ಯಾಚ್. ಟಿಬಿ ಇದೆಯೋ ಇಲ್ಲವೋ ನೋಡಬೇಕು, ಕಫ ಕೊಡಿ ಅಂದರು. ಕಪ್ ಹಿಡಿದು ಬಾತ್‌ರೂಮಿಗೆ ಹೋದೆ. ಹೊರಗೆ ಪೇಷೆಂಟುಗಳು ಸಾಲಾಗಿ ಕೂತಿದ್ದರು. ನರ್ಸೇ ಕೆಮ್ಮುವುದು ಅವರಿಗೆ ಕೇಳಿಸಬಾರದೆಂದು ನಲ್ಲಿ ತಿರುಗಿಸಿಟ್ಟೆ. ಬಾಯಿಗೆ ಬಂದದ್ದನ್ನು ಉಗಿದು ಮುಚ್ಚಳ ಹಾಕಿದೆ. ಮರುದಿನ ಬೆಳಗ್ಗೆ ಮನೆಯಿಂದ ತಂದದ್ದೂ ಅಂಥದ್ದೇ.

ಎರಡೂ ನೆಗೆಟಿವ್.

ಆ ದಿನ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದೆ. ಅಲ್ಲಿಯವರೆಗೆ ಆರು ವರ್ಷದ ಮಗಳು ಚಿನ್ಮಯಿಯನ್ನು ಅವಳಪ್ಪನ ಪಕ್ಕ ಮಲಗಿಸುತ್ತಿದ್ದವಳು ಮತ್ತೆ ನನ್ನ ಮಗ್ಗುಲಿಗೆ ಕರೆದುಕೊಂಡೆ. ನ್ಯುಮೋನಿಯಾ ಇರಬಹುದೆಂದು ಡಾಕ್ಟರು ಆಂಟಿಬಯೋಟಿಕ್ ಬರೆದಿದ್ದರು. ಕೋರ್ಸ್ ಮುಗಿಯಿತು. ಕೆಮ್ಮು ಮುಗಿಯಲಿಲ್ಲ. ಒಂದು ಬೆಳಗ್ಗೆ ಹಲ್ಲುಜ್ಜುವಾಗ ಜೋರಾಗಿ ಕೆಮ್ಮಿದೆ.

ಬೇಸಿನ್ನಿನಲ್ಲಿ ರಕ್ತದ ಒಂದು ಎಳೆ.

ಮತ್ತೊಮ್ಮೆ ಪರೀಕ್ಷೆ ಮಾಡಿಸಲು ಡಾಕ್ಟರು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಕಫ ತೆಗೆದುಕೊಳ್ಳುತ್ತಿದ್ದವರು ಲೀಲಾವತಿ ಎಂಬ ಹಿರಿಯ ಸಿಸ್ಟರ್. ಐವತ್ತು ದಾಟಿದವರು, ಕುಳ್ಳಗೆ, ಕೈಯಲ್ಲಿ ಸದಾ ಒಂದು ರಿಜಿಸ್ಟರ್. ಮನೆಯಿಂದ ತಂದಿದ್ದ ಕಪ್ಪನ್ನು ಕೊಟ್ಟೆ. ಅವರು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಓರೆ ಮಾಡಿದರು. ಒಳಗಿದ್ದದ್ದು ನೀರಿನಂತೆ ಹರಿಯಿತು.

"ಇದು ಎಂಜಲು ಕಣಮ್ಮ. ಕಫ ಅಲ್ಲ. ಟಿಬಿ ಇದ್ರೂ ಇದ್ರಲ್ಲಿ ಸಿಗೋದು ಕಷ್ಟ."

ನಾನೂ ನರ್ಸ್ ಎಂದೆ, ಸ್ವಲ್ಪ ಬಿಗಿಯಾಗಿಯೇ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ನರ್ಸ್ ಅಂದ್ರೆ ಗೊತ್ತೇ ಇರುತ್ತೆ ಅಂದ್ಕೊಂಡ್ಬಿಡ್ತಾರೆ. ನಂಗೂ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಬನ್ನಿ."

ಕಟ್ಟಡದ ಹಿಂದೆ ಬಯಲಿನಲ್ಲಿ ಒಂದು ನಲ್ಲಿ, ಒಂದು ಕಲ್ಲುಬೆಂಚು. ಬಾಯಿ ಮುಕ್ಕಳಿಸಲು ಹೇಳಿದರು. ಮಾಸ್ಕ್ ಹಾಕಿಕೊಂಡು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ನನ್ನ ಬೆನ್ನ ಹಿಂದೆ ನಿಂತರು. ಉಸಿರನ್ನು ಆಳವಾಗಿ ಎಳೆದು ಸ್ವಲ್ಪ ಹೊತ್ತು ಹಿಡಿದು ಬಿಡಬೇಕು. ಇನ್ನೊಮ್ಮೆ ಹಾಗೇ. ಮೂರನೇ ಸಲ ಎಳೆದ ಉಸಿರಿನ ಜೊತೆ ಎದೆಯ ತಳದಿಂದ ಕೆಮ್ಮಬೇಕು. ಮೊದಲ ಸಲ ನನ್ನಿಂದ ಆಗಲಿಲ್ಲ. ಎರಡನೇ ಸಲವೂ ಇಲ್ಲ. ಅವರೆದುರು ಕೆಮ್ಮಲು ನಾಚಿಕೆ.

"ನಿಧಾನ. ಇಲ್ಲಿ ಯಾರೂ ಇಲ್ಲ, ನಾವಿಬ್ರೇ. ನಂಗೇನೂ ಅವಸರ ಇಲ್ಲ," ಅಂದರು.

ಹೊರಗೆ ಅವರಿಗಾಗಿ ಕಾದವರ ಸಾಲು ನಾನು ನೋಡಿದ್ದೆ. ಆದರೂ ಹಾಗೆಂದರು. ಅಲ್ಲಿ ಅವರು ನನಗೆ ಕೊಟ್ಟ ಹತ್ತು ನಿಮಿಷವನ್ನು ನನ್ನ ಹನ್ನೊಂದು ವರ್ಷದಲ್ಲಿ ನಾನು ಒಬ್ಬ ಪೇಷೆಂಟಿಗೂ ಕೊಟ್ಟಿರಲಿಲ್ಲ. ಕಪ್ ಕೊಟ್ಟು, ಇದರಲ್ಲಿ ಉಗಿದು ತನ್ನಿ ಎಂದು ಮುಂದಿನವರನ್ನು ಕರೆಯುತ್ತಿದ್ದೆ. ಕೊನೆಗೂ ಬಂತು. ಗಟ್ಟಿಯಾಗಿ, ಹಳದಿಯಾಗಿ. ಲೀಲಾವತಿಯವರು ಅಸಹ್ಯಪಡದೆ ಅದನ್ನು ಬೆಳಕಿಗೆ ಹಿಡಿದು, ತೃಪ್ತಿಯಿಂದ ತಲೆಯಾಡಿಸಿ, ಮುಚ್ಚಳ ಬಿಗಿದು, ಕಪ್ಪಿನ ಮೈಮೇಲೆ ನನ್ನ ಹೆಸರು ಬರೆದರು.

ಪಾಸಿಟಿವ್.

ಮೊದಲು ನೆನಪಾದದ್ದು ಚಿನ್ಮಯಿ. ಅಷ್ಟೂ ದಿನ ನನ್ನ ಕತ್ತಿಗೆ ಮುಖವಿಟ್ಟು ಮಲಗಿದ್ದಳು. ಅವಳಿಗೂ ಗಂಡ ಉಮೇಶನಿಗೂ ಪರೀಕ್ಷೆಗಳಾದವು. ಇಬ್ಬರಿಗೂ ರೋಗ ಇರಲಿಲ್ಲ. ಮುಂದೆ ಬರದಂತೆ ಮಾತ್ರೆ ಕೊಟ್ಟರು. ಆ ರಿಪೋರ್ಟ್ ಬರುವವರೆಗೆ ನಾನು ಅನ್ನ ನುಂಗಿದ್ದು ನೆನಪಿಲ್ಲ.

ನನ್ನ ಮಾತ್ರೆಗಳೂ ಶುರುವಾದವು. ಆರು ತಿಂಗಳು. ಮೂತ್ರ ಕಿತ್ತಳೆ ಬಣ್ಣವಾಯಿತು. ಬೆಳಗ್ಗೆ ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತೊಳಸುತ್ತಿತ್ತು. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುವ ಉಮೇಶ ಶಿಫ್ಟಿಗೆ ಹೋಗುವ ಮೊದಲು ಗಂಜಿ ಮಾಡಿಟ್ಟು ಹೋಗುತ್ತಿದ್ದ. ಉಪ್ಪು ಒಂದು ದಿನವೂ ಸರಿಯಿರುತ್ತಿರಲಿಲ್ಲ.

ರಜೆಯಲ್ಲಿ ಬಿದ್ದುಕೊಂಡಿದ್ದಾಗ ಒಂದು ಮುಖ ಮತ್ತೆ ಮತ್ತೆ ಕಣ್ಣೆದುರು ಬರುತ್ತಿತ್ತು. ಶರಣಪ್ಪ. ಯಾದಗಿರಿ ಕಡೆಯವರು, ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ನಾನು ಕಾಯಿಲೆ ಬೀಳುವುದಕ್ಕೆ ಎರಡು ತಿಂಗಳ ಮುಂಚೆ ನಮ್ಮ ನರ್ಸಿಂಗ್ ಹೋಮಿಗೆ ಕೆಮ್ಮುತ್ತ ಬಂದಿದ್ದರು. ಅವರಿಗೂ ಕಪ್ ಕೊಟ್ಟವಳು ನಾನೇ. ಅವರು ತಂದದ್ದರಲ್ಲಿ ಬರೀ ನೊರೆ ಇತ್ತು. ನನಗದು ಚೆನ್ನಾಗಿ ನೆನಪಿತ್ತು. ನೆಗೆಟಿವ್ ಬಂದಾಗ, ಏನೂ ಇಲ್ಲ ಹೋಗಿ ಎಂದು ಕಳಿಸಿದ್ದೆ.

ಲೀಲಾವತಿಯವರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಊರು, ಹೆಸರು, ಕೆಲಸ ಕೇಳಿ ಬರೆದುಕೊಂಡರು. ನಮ್ಮ ರಿಜಿಸ್ಟರಿನಲ್ಲಿದ್ದ ಶರಣಪ್ಪನವರ ನಂಬರ್ ಸ್ವಿಚ್ ಆಫ್. ಡ್ಯೂಟಿ ಮುಗಿದ ಮೇಲೆ ಲೀಲಾವತಿಯವರು ಮೂರು ದಿನ ಸೈಟುಗಳ ಶೆಡ್ಡುಗಳಲ್ಲಿ, ಬಾಡಿಗೆ ರೂಮುಗಳ ಸಾಲುಗಳಲ್ಲಿ ವಿಚಾರಿಸುತ್ತ ನಡೆದರಂತೆ. ನಾಲ್ಕನೇ ದಿನ ಫೋನ್ ಮಾಡಿ, ಸಿಕ್ಕಿದ್ದಾರೆ, ಆದರೆ ಬರಲು ಒಪ್ಪುತ್ತಿಲ್ಲ, ನೀವೇ ಮಾತಾಡಿ ಎಂದು ಫೋನನ್ನು ಅವರ ಕೈಗೆ ಕೊಟ್ಟರು.

"ನೀವಽ ಏನಿಲ್ಲ ಅಂದಿದ್ರಲ್ರಿ ಸಿಸ್ಟರ್," ಅಂದರು ಶರಣಪ್ಪ. ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದರು.

"ತಪ್ಪು ನಂದೇ ಅಣ್ಣ. ಹೇಗೆ ಕೊಡ್ಬೇಕು ಅಂತ ನಾನು ನಿಮಗೆ ಹೇಳ್ಕೊಡ್ಲಿಲ್ಲ. ನನಗೇ ಗೊತ್ತಿರ್ಲಿಲ್ಲ. ನನಗೂ ಇಂಥದ್ದೇ ಕೆಮ್ಮು ಬಂತು, ಅದು ಟಿಬಿ. ಅವ್ರ ಜೊತೆ ಒಂದ್ಸಲ ಹೋಗಿ."

ಆ ಕಡೆ ಮತ್ತೆ ಕೆಮ್ಮು ಕೇಳಿಸಿತು. ಆಮೇಲೆ, "ನೀವು ಗುಳಿಗಿ ತಗೋಳಾಕತ್ತೀರೇನ್ರಿ?" ಎಂದು ಕೇಳಿದರು. ಹೌದು ಅಂದೆ. "ಹಂಗಾದ್ರ ಹೊಕ್ಕೀನ್ರಿ."

ಅವರದ್ದೂ ಪಾಸಿಟಿವ್ ಬಂತು. ಅವರಿಗೂ ಚಿಕಿತ್ಸೆ ಶುರುವಾಯಿತು. ತಡವಾಗಿ, ಆದರೂ ಶುರುವಾಯಿತು. ಆ ತಡಕ್ಕೆ ನಾನು ಕಾರಣ ಎನ್ನುವ ಭಾರವನ್ನು ಯಾರೂ ನನ್ನ ಮೇಲಿಂದ ಇಳಿಸಲಾರರು. ಇಳಿಸಬೇಕೆಂದು ನಾನೂ ಕೇಳುವುದಿಲ್ಲ.

ಮಾತ್ರೆ ಶುರುವಾದ ಎರಡು ತಿಂಗಳಿಗೆ ನನ್ನ ಕಫ ನೆಗೆಟಿವ್ ಆಯಿತು, ಈ ಸಲ ನಿಜವಾದ ಕಫ. ಕೆಲಸಕ್ಕೆ ಮರಳಿದೆ. ಖಾಸಗಿ ಕ್ಲಿನಿಕ್ಕುಗಳ, ಕಾರ್ಖಾನೆಗಳ ನರ್ಸುಗಳಿಗೆ ಲೀಲಾವತಿಯವರು ಶನಿವಾರ ಟ್ರೈನಿಂಗ್ ಕೊಡುತ್ತಿದ್ದರು. ನನ್ನನ್ನೂ ಕರೆದರು. ಅವರು ಪಾಠ ಮಾಡುವುದಿಲ್ಲ. ಪ್ರತಿಯೊಬ್ಬರನ್ನೂ ಬಯಲಿಗೆ ಕರೆದೊಯ್ದು, ಪೇಷೆಂಟಿನ ಜಾಗದಲ್ಲಿ ನಿಲ್ಲಿಸಿ, ಎಲ್ಲರೆದುರು ಕೆಮ್ಮಿಸುತ್ತಾರೆ. ಹುಡುಗಿಯರು ಸೆರಗು, ದುಪಟ್ಟಾ ಬಾಯಿಗೆ ಒತ್ತಿಕೊಂಡು ನಗುತ್ತಾರೆ. ಆ ನಗು ನಿಲ್ಲುವವರೆಗೆ ಅವರು ಕಾಯುತ್ತಾರೆ. ಆಮೇಲೆ, ನಿಮಗೇ ಇಷ್ಟು ನಾಚಿಕೆ ಆದರೆ ಪೇಷೆಂಟಿಗೆ ಎಷ್ಟಾಗಬೇಕು ಎಂದು ಕೇಳುತ್ತಾರೆ. ನಂತರ ನನ್ನ ಸರದಿ. ನಾನು ಶರಣಪ್ಪನವರ ವಿಷಯ ಹೇಳುತ್ತೇನೆ. ಮೊದಲ ಸಲ ನೆಲ ನೋಡುತ್ತ ಹೇಳಿದೆ. ಈಗಲೂ ಸುಲಭವಲ್ಲ.

ಹೋದ ತಿಂಗಳು ಚಿಕಿತ್ಸೆ ಮುಗಿಯಿತು. ಎಕ್ಸ್‌ರೇಯಲ್ಲಿ ಒಂದು ಗೆರೆಯಷ್ಟು ಕಲೆ ಉಳಿದಿದೆ. ಅದು ಇರುತ್ತದೆ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದರು ಡಾಕ್ಟರು. ಮೆಟ್ಟಿಲು ಹತ್ತಿದರೆ ಇನ್ನೂ ಏದುಸಿರು. ಸಣ್ಣ ನೆಗಡಿಯಾದರೂ ಉಮೇಶ ನನ್ನ ಮುಖ ನೋಡುತ್ತಾನೆ.

ಮೊನ್ನೆ ನಮ್ಮ ನರ್ಸಿಂಗ್ ಹೋಮಿಗೆ ಗಾರ್ಮೆಂಟ್ ಕೆಲಸದ ಒಬ್ಬ ಹೆಂಗಸು ಬಂದಳು. ಅವಳನ್ನು ಟೆರೇಸಿಗೆ ಕರೆದೊಯ್ದು ಕಫ ತೆಗೆಸಿದೆ. ಪಾಸಿಟಿವ್. ಲೀಲಾವತಿಯವರಿಗೆ ಫೋನ್ ಮಾಡಿ, ಮೊದಲ ಸಲಕ್ಕೇ ಸರಿಯಾದ ಕಫ ಬಂತು ಎಂದು ಹೇಳಿದೆ. ಹೊಗಳಲಿ ಎಂಬ ಆಸೆಯೂ ಇತ್ತು. ಅವರು ಕೇಳಿದ್ದು ಒಂದೇ ಮಾತು, ಅವಳ ಮನೆಯಲ್ಲಿ ಮಕ್ಕಳಿದ್ದಾರಾ ಎಂದು.

ಇಬ್ಬರಿದ್ದಾರೆ ಅಂದೆ. ನಾಳೆ ಬೆಳಗ್ಗೆ ನಾವಿಬ್ಬರೂ ಹೋಗಿ ನೋಡಿಬರೋಣ ಅಂದರು. ಹೋಗಿಬಂದೆವು, ಪರೀಕ್ಷೆಯನ್ನೂ ಮಾಡಿಸಿದೆವು. ಮಕ್ಕಳು ಚೆನ್ನಾಗಿದ್ದಾರೆ.