ನಾನೇ ಬರೆದ ನಲವತ್ತಾರು ಮನೆಗಳ ಉತ್ತರ

ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ನಲವತ್ತಾರು ಮನೆಗಳ ಉತ್ತರವನ್ನು ನಾನು ಆ ಮನೆಯವರ ಮುಖ ನೋಡದೆಯೇ ಬರೆದೆ. ಮಧುಗಿರಿಯ ನನ್ನ ಬಾಡಿಗೆ ಕೋಣೆಯಲ್ಲಿ, ಹಾಡಹಗಲಿನಲ್ಲಿ, ಕಿಟಕಿ ತೆರೆದಿಟ್ಟುಕೊಂಡು ಬರೆದೆ. ನಲವತ್ತೇಳನೆಯ ಮನೆಯೊಂದೇ ನಿಜ. ಆ ಮನೆಯವರ ಮಾತನ್ನೂ ಆಮೇಲೆ ನಾನೇ ತೆಗೆಸಿಹಾಕಿದೆ. ಅವರ ಹೆಸರು ನರಸಮ್ಮ. ಅವರಿಗೆ ಓದಲು ಬರುವುದಿಲ್ಲ. ಓದಬಲ್ಲ ನಿಮ್ಮೆದುರು ಮೊದಲು ಹೇಳುತ್ತಿದ್ದೇನೆ — ಇದರಲ್ಲೂ ಸ್ವಲ್ಪ ಹೇಡಿತನವಿದೆ, ಗೊತ್ತು.

ನನ್ನ ಕೆಲಸವೇನೆಂದು ಹೇಳಬೇಕು. ವಿದ್ಯುತ್ ದರ ನಿಗದಿ ಮಾಡುವ, ಕರೆಂಟಿನ ದೂರು ಕೇಳುವ ಆಯೋಗವೊಂದಿದೆಯಲ್ಲ, ಅದರ ಅಧಿಕಾರವನ್ನು ವಿಸ್ತರಿಸಿ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳನ್ನೂ ಅದರ ಕೈಗೆ ಕೊಡಬೇಕೆಂಬ ಯೋಚನೆ ನಡೆದಿತ್ತು. ಹಾಗಾದರೆ ಘಟಕ ಕೆಟ್ಟು ನಿಂತಾಗ ಅದನ್ನು ನಡೆಸುವವರನ್ನು ಆಯೋಗ ಕರೆಸಿ ಕೇಳಬಹುದು, ಇಷ್ಟು ದಿನದೊಳಗೆ ಸರಿಪಡಿಸಿ ಎಂದು ಆದೇಶ ಮಾಡಬಹುದು. ಅದಕ್ಕೂ ಮೊದಲು ಮನೆಮನೆಗೆ ಹೋಗಿ ಜನರನ್ನು ಕೇಳುವ ಕೆಲಸವನ್ನು ಒಂದು ಸಂಸ್ಥೆಗೆ ವಹಿಸಿದ್ದರು. ಆ ಸಂಸ್ಥೆ ನನ್ನಂಥವರನ್ನು ಸೇರಿಸಿಕೊಂಡಿತು. ನಾನು ಚನ್ನರಾಯನದುರ್ಗದ ಕಡೆಯವನು. ಕೊರಟಗೆರೆ ಮುಗಿಸಿ, ಸಿರಾ ಮುಗಿಸಿ, ಮಧುಗಿರಿಯ ಐ.ಡಿ.ಹಳ್ಳಿ ಸುತ್ತಮುತ್ತ ಮುಗಿಸಿ, ಕೊನೆಗೆ ಪಾವಗಡಕ್ಕೆ ಬಂದೆ. ಅಷ್ಟು ಹೊತ್ತಿಗೆ ನನಗೊಂದು ಹೆಸರು ಬಂದಿತ್ತು — ಇವನ ಫಾರಂಗಳಲ್ಲಿ ಒಂದೂ ತಪ್ಪಿರುವುದಿಲ್ಲ.

ಹತ್ತನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಆ ಹಳ್ಳಿಗೆ ಹೋದ ದಿನದ ಪುಟ ಈಗಲೂ ಎದುರಿಗಿದೆ. ‘ಮಾರ್ಚ್ ೧೧. ತಿರುಮಣಿಯಿಂದ ಆಚೆ. ಬಸ್ಸಿಳಿದದ್ದು ೧೦.೨೦. ಒಟ್ಟು ಮನೆ ೪೭. ಬೀಗ ಹಾಕಿದ್ದು ೪೬. ಮಾತಾಡಿದ್ದು ೧.’

ಊರಿನವರೆಲ್ಲ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯಲು, ಹುಲ್ಲು ಕೀಳಲು ಹೋಗಿದ್ದರು. ಸಂಜೆ ಬಂದಿದ್ದರೆ ಸಿಗುತ್ತಿದ್ದರು. ಜಗಲಿಯ ಮೇಲೆ ಒಬ್ಬರೇ ಕೂತಿದ್ದವರು ನರಸಮ್ಮ. ವಯಸ್ಸು ಕೇಳಿದರೆ ನಲವತ್ತೆಂಟು ಎಂದರು. ಎಪ್ಪತ್ತು ಎಂದಿದ್ದರೂ ನಂಬುತ್ತಿದ್ದೆ. ಬೆನ್ನು ಬಾಗಿ ಗಟ್ಟಿಯಾಗಿತ್ತು. ನನ್ನನ್ನು ನೋಡಲು ಇಡೀ ಮೈಯನ್ನೇ ತಿರುಗಿಸಿದರು.

“ಕತ್ತು ತಿರುಗಲ್ಲ ನಾಯ್ನಾ. ಅದಕ್ಕೇ ಊರಾಗೆಲ್ಲ ನರಸಮ್ಮಂಗೆ ಬೋ ಗತ್ತು ಅಂತಾರೆ,” ಎಂದು ನಕ್ಕರು.

ಊರಿನ ನೀರಿನ ಘಟಕ ಎರಡು ವರ್ಷದಿಂದ ಮುಚ್ಚಿತ್ತು. ಎಲ್ಲರೂ ಬೋರ್‌ವೆಲ್ ನೀರೇ ಕುಡಿಯುತ್ತಿದ್ದರು — ಫ್ಲೋರೈಡ್ ಇರುವ ನೀರು, ಹಲ್ಲು ಕಂದಿಸಿ ಮೂಳೆ ಬಗ್ಗಿಸುವ ನೀರು. ಅವರ ಮನೆಯಲ್ಲಿ ಮಗ, ಸೊಸೆ ಮಂಜುಳ. ಮಗ ಕೆಲಸಕ್ಕೆ ಹೋಗಿದ್ದ. ಮಂಜುಳ ಐದು ತಿಂಗಳ ಬಸುರಿ, ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು. ನರಸಮ್ಮ ಮೊದಲಿನಿಂದ ಹೇಳಿದರು: ಘಟಕ ಯಾವಾಗ ಕೆಟ್ಟಿತು, ಯಾರ್ಯಾರ ಹತ್ತಿರ ಹೋಗಿ ಬಂದರು, ಯಾರು ಏನೆಂದರು. ಮೂರು ಗಂಟೆ ಹಿಡಿಯಿತು. ನಾನು ನಡುವೆ ಪೆನ್ನು ಮುಚ್ಚಿದ್ದನ್ನು ಕಂಡು ಕೈ ನೀಡಿ ಫಾರಂ ಮುಟ್ಟಿದರು.

“ನಂದು ಬುಡು ನಾಯ್ನಾ, ಮುಗೀತು. ಇವಳ ಹೊಟ್ಟೇಲಿರೋದು ನೆಟ್ಟಗೆ ನಿಂತ್ಕಬೇಕು. ಅದುನ್ನ ಬರ್ಕೋ.”

ಬರೆದುಕೊಂಡೆ. ಬಸ್ಸು ತಪ್ಪಿತು. ಅವರ ಮೇಲೆ ನನಗೆ ಸಿಟ್ಟು ಬಂತು — ಇದನ್ನೂ ಹೇಳಿಬಿಡಬೇಕು. ಒಂದು ಮನೆಗೆ ಒಂದು ದಿನ ಹೋಯಿತಲ್ಲ ಎಂಬ ಸಿಟ್ಟು.

ಶನಿವಾರದೊಳಗೆ ಎಲ್ಲ ಫಾರಂ ಕೊಡಬೇಕಿತ್ತು. ಮತ್ತೆ ಹೋಗಲು ಎರಡು ದಿನ ಉಳಿದಿದ್ದವು. ಹೋಗಲಿಲ್ಲ. ಜ್ವರವಿರಲಿಲ್ಲ, ಬಸ್ಸು ನಿಂತಿರಲಿಲ್ಲ, ಮನೆಯಲ್ಲಿ ಸಾವಾಗಿರಲಿಲ್ಲ. ಮತದಾರರ ಪಟ್ಟಿ ಮುಂದಿಟ್ಟುಕೊಂಡು ಹೆಸರು ತುಂಬಿಸಿದೆ. ‘ನೀರಿಗೆ ತೊಂದರೆ ಇದೆಯೇ?’ ಎಂಬ ಪ್ರಶ್ನೆಗೆ ‘ಇದೆ’ ಎಂದು ಗುರುತು ಹಾಕಿದರೆ ಇನ್ನೆರಡು ಪುಟ ತುಂಬಬೇಕಿತ್ತು — ಎಂದಿನಿಂದ, ಎಷ್ಟು ದಿನ, ಯಾರಿಗೆ ತಿಳಿಸಿದಿರಿ. ‘ಇಲ್ಲ’ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ನಲವತ್ತಾರು ಸಲ ‘ಇಲ್ಲ’ ಎಂದೆ. ಮೂವತ್ತೊಂದಕ್ಕೆ ಮೂರು ಬೇರೆ ಬೇರೆ ಪೆನ್ನಿನಲ್ಲಿ ಸಹಿ. ಹದಿನೈದಕ್ಕೆ ಹೆಬ್ಬೆಟ್ಟು — ನನ್ನವೇ ಹತ್ತು ಬೆರಳು, ಐದು ಬೆರಳು ಎರಡೆರಡು ಸಲ. ಯಾವ ಮನೆಗೆ ಯಾವ ಬೆರಳು ಎಂಬುದನ್ನೂ ದಿನಚರಿಯಲ್ಲಿ ಬರೆದಿಟ್ಟೆ. ಏಕೆ ಬರೆದೆನೋ... ಪಕ್ಕಪಕ್ಕದ ಮನೆಗೆ ಒಂದೇ ಬೆರಳು ಬರಬಾರದೆಂದು ಇರಬೇಕು. ಅಷ್ಟು ಅಚ್ಚುಕಟ್ಟು ನನಗೆ.

ಹತ್ತು ದಿನದ ಮೇಲೆ ಮೇಲ್ವಿಚಾರಕರ ಫೋನು. ಒಂದು ಫಾರಂ ಮಾತ್ರ ಉಳಿದವಕ್ಕೆ ಹೊಂದುತ್ತಿಲ್ಲವಲ್ಲ, ಇಡೀ ಊರು ನೀರು ಚೆನ್ನಾಗಿದೆ ಎನ್ನುವಾಗ ಇವರೊಬ್ಬರು ಹೀಗೇಕೆ, ಎಂದು ಕೇಳಿದರು. ನಿಜ ಹೇಳಲು ದೇವರೇ ಬಾಗಿಲು ತೆರೆದುಕೊಟ್ಟಂತಿತ್ತು. ನಾನು ಹೇಳಿದ್ದು ಇದು:

“ಆಯಮ್ಮಂಗೆ ಸ್ವಲ್ಪ ಬುದ್ಧಿ ಸರಿ ಇಲ್ಲ ಸಾರ್.”

ಆ ಫಾರಂ ತೆಗೆದರು.

ಆಯೋಗದ ವ್ಯಾಪ್ತಿಗೆ ನೀರಿನ ಘಟಕಗಳು ಬಂದವು. ಹೆಚ್ಚು ಮನೆಗಳು ತೊಂದರೆ ಹೇಳಿದ ಹಳ್ಳಿಗಳ ಪಟ್ಟಿ ಮಾಡಿ, ಅವರ ದೂರನ್ನೇ ಮೊದಲು ಕೇಳುವುದೆಂದು ತೀರ್ಮಾನವಾಯಿತು. ಮುಂದಿನ ಜನವರಿಯಲ್ಲಿ ಪಾವಗಡದಲ್ಲಿ ವಿಚಾರಣೆ. ಹೆಸರು ನೋಂದಾಯಿಸುವ ಮೇಜಿಗೆ ನನ್ನನ್ನೇ ಕೂರಿಸಿದ್ದರು — ತಪ್ಪು ಮಾಡದವನು ಎಂದು.

ಹನ್ನೊಂದರ ಹೊತ್ತಿಗೆ ನರಸಮ್ಮ ಬಂದರು. ಮಂಜುಳಳ ತೋಳು ಹಿಡಿದು, ಮೆಟ್ಟಿಲನ್ನು ಅಡ್ಡಡ್ಡಲಾಗಿ ಹತ್ತಿ ಬಂದರು. ಮಂಜುಳಳ ಹೆಗಲ ಮೇಲೆ ಆರು ತಿಂಗಳ ಕೂಸು. ನನ್ನ ಪಕ್ಕದಲ್ಲಿದ್ದ ಅಧಿಕಾರಿ ಪಟ್ಟಿ ನೋಡಿ, ನಿಮ್ಮ ಊರು ಇದರಲ್ಲಿಲ್ಲ, ನಿಮ್ಮೂರಿನವರೇ ತೊಂದರೆ ಇಲ್ಲ ಎಂದು ಬರೆದುಕೊಟ್ಟಿದ್ದಾರೆ, ಎಂದರು.

“ನಮ್ಮೂರಾಗೆ ನೀರು ಚೆಂದಾಗೈತೆ ಅಂತ ಬರೆಯೋನು ಇನ್ನೂ ಹುಟ್ಟಿಲ್ಲ ಸಾಮಿ,” ಎಂದರು ನರಸಮ್ಮ. ಸಾಲಿನಲ್ಲಿದ್ದವರು ನಕ್ಕರು. ಆಮೇಲೆ ಅವರು ಮೈ ತಿರುಗಿಸಿ ನನ್ನನ್ನು ನೋಡಿದರು. ಮುಖ ಅರಳಿತು. “ಇಗಾ, ಈ ನಾಯ್ನಾನೇ ನಮ್ಮನೆಗೆ ಬಂದಿದ್ದು. ಎಲ್ಲಾ ಬರ್ಕಂಡೋಗವ್ನೆ. ಇವನ್ನ ಕೇಳಿ.”

ಅಧಿಕಾರಿ ನನ್ನ ಕಡೆ ನೋಡಿದರು. ನಾನು ಹೌದು ಎಂದಿದ್ದರೆ ಅವರನ್ನು ಒಳಗೆ ಬಿಡುತ್ತಿದ್ದರೋ ಏನೋ. ಊರಿನ ಹೆಸರು ಅಂದೇ ಪಟ್ಟಿಗೆ ಸೇರುತ್ತಿತ್ತೋ ಏನೋ —

“ನೆನಪಿಲ್ಲಮ್ಮ. ನೂರಾರು ಊರಿಗೆ ಹೋಗಿರ್ತೀವಿ,” ಎಂದೆ.

ನರಸಮ್ಮ ಬೇಸರ ಮಾಡಿಕೊಳ್ಳಲಿಲ್ಲ. ತಾನೇ ಏನೋ ತಪ್ಪು ತಿಳಿದೆನೇನೋ ಎಂಬಂತೆ ನಿಂತರು. ಮಂಜುಳ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ನನ್ನಿಂದ ಕಣ್ಣು ತೆಗೆಯದೆ, ದನಿ ಏರಿಸದೆ ಹೇಳಿದಳು:

“ಬಾ ಅತ್ತೆ. ಅವರಿಗೆ ನೆನಪೈತೆ.”

“ಸುಮ್ಕಿರೇ,” ಎಂದು ನರಸಮ್ಮ ಅವಳನ್ನೇ ಗದರಿದರು. “ಎಷ್ಟು ಮನೆ ತಿರುಗಿರ್ತಾನೋ ಪಾಪ.”

ಅವರು ಮೆಟ್ಟಿಲಿಳಿಯುವುದನ್ನು ನೋಡಿದೆ. ಹತ್ತಿದ್ದಕ್ಕಿಂತ ಇಳಿಯುವುದಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಆಮೇಲೆ ಮುಂದಿನ ಹೆಸರು ಬರೆದುಕೊಂಡೆ.

ಅಂದಿನಿಂದ ಇಂದಿಗೆ ಹದಿನಾಲ್ಕು ತಿಂಗಳು. ಪಟ್ಟಿಯಲ್ಲಿದ್ದ ಎಷ್ಟೋ ಹಳ್ಳಿಗಳಲ್ಲಿ ಘಟಕಗಳು ಮತ್ತೆ ಶುರುವಾಗಿವೆ. ಆ ಊರಿನದು ಇಲ್ಲ. ಎರಡನೆಯ ಪಟ್ಟಿಯನ್ನೂ ಅದೇ ಫಾರಂಗಳನ್ನು ನೋಡಿಯೇ ಮಾಡಿದರು. ಅದರಲ್ಲೂ ಊರಿನ ಹೆಸರಿಲ್ಲ. ನಾನು ಬಾಯಿ ಬಿಡುವವರೆಗೆ ಬರುವುದೂ ಇಲ್ಲ. ನರಸಮ್ಮನವರ ಬೆನ್ನನ್ನು ನಾನು ಬಗ್ಗಿಸಲಿಲ್ಲ. ಆದರೆ ಆ ಕೂಸು ಕುಡಿಯುವ ನೀರು... ಕಳೆದ ಹದಿನಾಲ್ಕು ತಿಂಗಳ ನೀರು, ಅದು ನನ್ನದು. ಮಕ್ಕಳ ಮೂಳೆ ಬಲಿಯುವುದು ಈ ವಯಸ್ಸಿನಲ್ಲೇ ಎಂದು ಎಲ್ಲೋ ಓದಿದಾಗಿನಿಂದ ಆ ವಾಕ್ಯ ನನ್ನನ್ನು ಬಿಟ್ಟಿಲ್ಲ.

ಕಳೆದ ಸೋಮವಾರ ದಿನಚರಿಯ ಆರು ಪುಟಗಳ ಜೆರಾಕ್ಸ್ ಸೇರಿಸಿ ಆಯೋಗಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿದೆ. ಬೆರಳಿನ ಪಟ್ಟಿಯೂ ಅದರಲ್ಲಿದೆ. ಮೇಲ್ವಿಚಾರಕರಿಗೂ ಒಂದು ಪ್ರತಿ ಕೊಟ್ಟೆ. ಅವರು ಓದಿ, ಮಡಿಸಿ, ನಾಳೆಯಿಂದ ಬರಬೇಡ ಎಂದರು. ಮುಂದೆ ಮೊಕದ್ದಮೆ ಆದರೂ ಆಗಬಹುದು. ಆಗಲಿ.

ಭಾನುವಾರ ಸಂಜೆ ಆ ಊರಿನವರೆಲ್ಲ ಮನೆಯಲ್ಲಿರುತ್ತಾರೆ. ಹೋಗಿ ಒಬ್ಬೊಬ್ಬರಿಗೂ ಹೇಳುತ್ತೇನೆ: ನಿಮ್ಮ ಹೆಸರಿನಲ್ಲಿ ಸುಳ್ಳು ಬರೆದವನು ನಾನು. ಮೊದಲು ನರಸಮ್ಮನವರಿಗೆ. ನಿಮಗೆ ಬುದ್ಧಿ ಸರಿಯಿಲ್ಲ ಎಂದವನೂ ನಾನೇ ಎಂದು ಅವರಿಗೆ ಹೇಳಬೇಕು. ಅವರು ನನ್ನನ್ನು ಕ್ಷಮಿಸಿಬಿಡಬಹುದು. ನನಗೆ ಅದೇ ಹೆದರಿಕೆ. ಮಂಜುಳ ಕ್ಷಮಿಸುವುದಿಲ್ಲ. ಅವಳಿಗೆ ಹೇಳುವಾಗ ಕೂಸು ಅಲ್ಲೇ ಇರುತ್ತದೆ.