ಪ್ರಾರ್ಥನೆಯಲ್ಲಿ ಹೇಳಿದ ಗುಟ್ಟು

ಹೈಸ್ಕೂಲಿನ ಮಕ್ಕಳು ವಿಜ್ಞಾನದ ಟೀಚರಿಗೆ ಇಟ್ಟಿದ್ದ ಹೆಸರು 'ಇನ್ನೊಂದ್ಸಲ ಟೀಚರ್'. ಯಾರು ಎಂಥ ಅಡ್ಡಾದಿಡ್ಡಿ ಉತ್ತರ ಕೊಟ್ಟರೂ ಅವರು ಬೈಯುತ್ತಿರಲಿಲ್ಲ. "ಪರವಾಗಿಲ್ಲ ಮಗು, ಇನ್ನೊಂದ್ಸಲ ನೋಡೋಣ" ಅನ್ನುತ್ತಿದ್ದರು. ಹಿಂದಿನ ಬೆಂಚಿನವರು ಒಬ್ಬರ ಕಾಲು ಒಬ್ಬರು ತುಳಿದರೂ "ಪರವಾಗಿಲ್ಲ ಮಗು, ಇನ್ನೊಂದ್ಸಲ ತುಳಿಯೋಣ" ಎಂದು ಅವರ ದನಿಯಲ್ಲೇ ಅಣಕಿಸಿ ನಗುತ್ತಿದ್ದರು. ಇದು ಟೀಚರ್ ಕಿವಿಗೂ ಬಿದ್ದಿತ್ತು. ಬಿದ್ದ ದಿನ ಅವರೂ ಮನೆಯಲ್ಲಿ ಗಂಡನ ಮುಂದೆ ಅದನ್ನೇ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅವರು ಹಾಗಿರುವುದಕ್ಕೆ ಕಾರಣವಿತ್ತು. ಚಿಕ್ಕವರಿದ್ದಾಗ ಅವರಿಗೆ ಉಗ್ಗು. ತರಗತಿಯಲ್ಲಿ ಎದ್ದು ನಿಂತರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಸುತ್ತಲಿನವರು ಗೊಳ್ಳೆಂದು ನಗುತ್ತಿದ್ದರು. ಚರ್ಚಿನ ಭಾನುವಾರದ ಪಾಠದಲ್ಲಿ ಮಾತ್ರ ಒಬ್ಬ ವಯಸ್ಸಾದ ನರ್ಸಮ್ಮ ಅವರ ಎದುರು ಮಂಡಿಯೂರಿ ಕೂತು, ಒಂದು ವಾಕ್ಯ ಮುಗಿಯುವ ತನಕ ಕಣ್ಣು ಕದಲಿಸದೆ ಕಾದಿದ್ದರು. "ಯೇಸಪ್ಪನಿಗೆ ಅವಸರ ಇಲ್ಲಮ್ಮ, ನಂಗೂ ಇಲ್ಲ" ಅಂದಿದ್ದರು. ದೇವರು ಕಾಯುವವನು ಅನ್ನುವ ಮಾತಿಗೆ ಎರಡು ಅರ್ಥವಿದೆ ಎಂದು ಆ ಹುಡುಗಿಗೆ ಅಂದು ಹೊಳೆಯಿತು. ಮುಂದೆ ಟೀಚರಾದಾಗ ಅವರು ತಮ್ಮ ನಂಬಿಕೆಯ ಬಗ್ಗೆ ತರಗತಿಯಲ್ಲಿ ಒಂದು ದಿನವೂ ಬಾಯಿ ಬಿಡಲಿಲ್ಲ. ಕಾಯುವುದನ್ನು ಮಾತ್ರ ಬಿಡಲಿಲ್ಲ.

ಹತ್ತನೇ ತರಗತಿಯಲ್ಲಿ ಒಬ್ಬಳಿದ್ದಳು, ಗೆಳತಿಯರ ಬಾಯಲ್ಲಿ 'ಟೇಪು'. ಒಂದು ಸಲ ಕೇಳಿದ್ದನ್ನು ಟೇಪ್ ರೆಕಾರ್ಡರಿನ ಹಾಗೆ ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಅವಳ ಅಮ್ಮನದು ಶಾಲೆಯಿಂದ ಎರಡು ಬೀದಿ ಆಚೆ ಇಸ್ತ್ರಿ ಅಂಗಡಿ. ಒಂದು ದಿನ ಟೀಚರ್ ಅವಳಿಗೆ ಬೆಳಕಿನ ಪಾಠ ಓದಲು ಹೇಳಿದರು. ಅವಳು ಪುಸ್ತಕ ಎತ್ತಿ ಹಿಡಿದು ಪಟಪಟ ಓದಿದಳು. ಟೀಚರ್ ಬೆಂಚುಗಳ ನಡುವೆ ಓಡಾಡುತ್ತಾ ಅವಳ ಹಿಂದೆ ಬಂದು ಬಗ್ಗಿ ನೋಡಿದರೆ, ಪುಸ್ತಕದಲ್ಲಿ ತೆರೆದಿದ್ದದ್ದು ಹೃದಯದ ಚಿತ್ರ. ಬೆಳಕಿನ ಪಾಠ ಅಲ್ಲಿಂದ ನಲವತ್ತು ಪುಟ ಮುಂದಿತ್ತು.

ಟೀಚರ್ ಅವಳ ಬೆನ್ನು ತಟ್ಟಿದರು. "ಚೆನ್ನಾಗಿ ಓದಿದೆ, ಕೂತ್ಕೋ" ಅಂದರು. ಸಂಜೆ ಎಲ್ಲರೂ ಹೋದ ಮೇಲೆ ಪ್ರಯೋಗಾಲಯಕ್ಕೆ ಕರೆದು ಮೆಲ್ಲಗೆ ಕೇಳಿದರು.

"ಅಕ್ಷರಗಳು ಇರುವೆ ಥರ ಓಡ್ತವೆ ಟೀಚರ್" ಅಂದಳು ಹುಡುಗಿ, ಗಾಜಿನ ಬೀಕರುಗಳತ್ತ ನೋಡುತ್ತಾ. "ಒಂದನ್ನ ಹಿಡಿಯೋ ಹೊತ್ತಿಗೆ ಇನ್ನೊಂದು ಸಾಲು ಬಿಟ್ಟು ಹೋಗಿರತ್ತೆ. ಪರೀಕ್ಷೇಲಿ ಆಕಾರ ನೆನಪಿಟ್ಕೊಂಡು ಚಿತ್ರ ಬಿಡಿಸಿದ ಹಾಗೆ ಬರೀತೀನಿ. ಅಮ್ಮಂಗೂ ಗೊತ್ತಿಲ್ಲ. ಯಾರಿಗೂ ಹೇಳ್ಬೇಡಿ."

"ಹೇಳಲ್ಲ."

"ಆಣೆ ಮಾಡಿ."

"ನಾವು ಆಣೆ ಮಾಡಲ್ಲ ಮಗು. ಹೇಳಲ್ಲ ಅಂದ್ರೆ ಹೇಳಲ್ಲ."

ಮಾರನೆಯ ದಿನದಿಂದ ಬೆಳಿಗ್ಗೆ ಏಳೂವರೆಗೆ, ಶಾಲೆಯ ಗೇಟು ತೆರೆಯುತ್ತಿದ್ದಂತೆ ಇಬ್ಬರೂ ಪ್ರಯೋಗಾಲಯದಲ್ಲಿರುತ್ತಿದ್ದರು. ಟೀಚರ್ ರಟ್ಟಿನಲ್ಲಿ ಅಕ್ಷರಗಳನ್ನು ಕತ್ತರಿಸಿ ತಂದರು. ಹುಡುಗಿ ಕಣ್ಣು ಮುಚ್ಚಿ ಅವುಗಳ ಅಂಚನ್ನು ಬೆರಳಲ್ಲಿ ಸವರಿ ಹೆಸರು ಹೇಳುತ್ತಿದ್ದಳು. ಒಂದು ಸಾಲು ಮಾತ್ರ ಕಾಣುವಂತೆ ಕಾಗದದಲ್ಲಿ ಕಿಂಡಿ ಮಾಡಿ ಪುಸ್ತಕದ ಮೇಲಿಟ್ಟರು. "ಈಗ ಇರುವೆ ಎಲ್ಲಿಗೆ ಓಡತ್ತೆ ನೋಡೋಣ" ಎಂದು ನಗಿಸಿದರು. ಒತ್ತಕ್ಷರ ಬಂದಲ್ಲಿ ಅವಳು ಮುಗ್ಗರಿಸುತ್ತಿದ್ದಳು, ಸಿಟ್ಟಿಗೆ ಪುಸ್ತಕ ತಳ್ಳುತ್ತಿದ್ದಳು, ಮತ್ತೆ ತಾನೇ ಎಳೆದುಕೊಳ್ಳುತ್ತಿದ್ದಳು. ನಾಲ್ಕು ತಿಂಗಳಲ್ಲಿ ಅರ್ಧ ಪುಟ ಓದುವ ಹಾಗಾದಳು.

ಟೀಚರ್ ಮಾತ್ರ ಸೋತಿದ್ದರು. ಪರೀಕ್ಷೆಗೆ ಎಂಟು ವಾರವಿತ್ತು. ಈ ವೇಗದಲ್ಲಿ ಹೋದರೆ ಹುಡುಗಿ ಪಾಸಾಗುತ್ತಾಳೋ ಇಲ್ಲವೋ ಎಂಬ ಯೋಚನೆ ಊಟಕ್ಕೆ ಕೂತರೂ ಬಿಡುತ್ತಿರಲಿಲ್ಲ. ಪ್ರತಿ ಶುಕ್ರವಾರ ಶಾಲೆ ಮುಗಿದ ಮೇಲೆ ಅವರೂ ಹೆಡ್ ಮಿಸ್ಸೂ ಹೆಡ್ ಮಿಸ್ಸಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷದ ಗೆಳೆತನ. ಟ್ರೈನಿಂಗ್ ಕಾಲೇಜಿನಲ್ಲಿ ಒಂದೇ ಕೋಣೆ, ಈಗ ಚರ್ಚಿನಲ್ಲಿ ಒಂದೇ ಬೆಂಚು. ಹೆಡ್ ಮಿಸ್ಸಿನ ಮಗಳ ಜ್ಞಾನಸ್ನಾನಕ್ಕೆ ಜ್ಞಾನತಾಯಿಯಾಗಿ ನಿಂತವರೂ ಈ ಟೀಚರೇ. ಗಂಡನಿಗೆ ಹೇಳದ ಎಷ್ಟೋ ಸಂಗತಿ ಆ ಕೋಣೆಯಲ್ಲಿ ಆಡಿದ್ದರು.

ಆ ಶುಕ್ರವಾರ ಪ್ರಾರ್ಥನೆಯ ನಡುವೆ ಅವರಿಗೆ ಅಳು ಒತ್ತರಿಸಿ ಬಂತು.

"ಕರ್ತನೇ, ಆ ಇಸ್ತ್ರಿ ಅಂಗಡಿ ಮಗು... ಅಕ್ಷರಗಳು ಇರುವೆ ಥರ ಓಡ್ತವಂತೆ ಅವಳಿಗೆ. ಓದೋಕೇ ಬರಲ್ಲ. ನನ್ನ ಕೈಲಿ ಆಗ್ತಿಲ್ಲ. ದಾರಿ ತೋರಿಸು."

ಆಮೆನ್ ಆದ ಮೇಲೆ ಗಾಬರಿಯಾಗಿ ಗೆಳತಿಯ ಕೈ ಹಿಡಿದುಕೊಂಡರು. "ನಾನು ಆ ಮಗುಗೆ ಮಾತು ಕೊಟ್ಟಿದ್ದೆ ಕಣೇ. ಬಾಯಿ ತಪ್ಪಿ ಬಂತು."

"ಅಯ್ಯೋ, ನನ್ ಹತ್ರ ಹೇಳಿದ್ರೆ ಏನು? ನೀನು, ನಾನು, ಮೇಲಿರೋ ಆತ. ಇಷ್ಟೇ ತಾನೆ?" ಹೆಡ್ ಮಿಸ್ಸು ತಮ್ಮ ಕರವಸ್ತ್ರದಿಂದಲೇ ಅವರ ಕಣ್ಣೊರೆಸಿದರು. ಟೀಚರ್ ಆ ಸಂಜೆ ಹಗುರಾಗಿ ಮನೆಗೆ ನಡೆದರು.

ಎರಡು ವಾರ ಕಳೆಯಿತು. ಒಂದು ಸೋಮವಾರ ಏಳೂವರೆಗೆ ಹುಡುಗಿ ಬರಲಿಲ್ಲ. ಜ್ವರವೇನೋ ಅಂದುಕೊಂಡರು. ಮಂಗಳವಾರವೂ ಇಲ್ಲ. ಬುಧವಾರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಆಫೀಸಿನ ಗುಮಾಸ್ತರನ್ನು ಕೇಳಿದರೆ, "ಶನಿವಾರವೇ ಟೀಸಿ ತಗೊಂಡು ಹೋದ್ರಲ್ಲ ಟೀಚರ್, ನಿಮಗೆ ಗೊತ್ತಿಲ್ವಾ?" ಎಂದು ಅವರೇ ಆಶ್ಚರ್ಯಪಟ್ಟರು.

ಟೀಚರ್ ಮಧ್ಯಾಹ್ನದ ಬಿಡುವಿನಲ್ಲಿ ಛತ್ರಿಯನ್ನೂ ತೆಗೆದುಕೊಳ್ಳದೆ ಇಸ್ತ್ರಿ ಅಂಗಡಿಗೆ ಓಡಿದರು. ಹುಡುಗಿ ಬಟ್ಟೆಗಳಿಗೆ ನೀರು ಚಿಮುಕಿಸುತ್ತಿದ್ದಳು. ಅವಳ ಅಮ್ಮ ಇಸ್ತ್ರಿಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ.

"ಹೆಡ್ ಮಿಸ್ಸು ಕರೆಸಿದ್ರು" ಅಂದಳು ಹುಡುಗಿ. "ಅಮ್ಮನ ಮುಂದೆ ಕೂರಿಸ್ಕೊಂಡು, ನಿಮ್ಮ ಮಗಳಿಗೆ ಅಕ್ಷರ ಇರುವೆ ಥರ ಓಡತ್ತಂತೆ, ಇಂಥೋರಿಗೆ ನಮ್ಮ ಶಾಲೆ ಅಲ್ಲ ಅಂದ್ರು. ಅವಳ ಟೀಚರೇ ನನ್ನ ಹತ್ರ ಅತ್ತಿದ್ದಾರೆ, ಬೇಕಾದ್ರೆ ಕೇಳಿ ಅಂದ್ರು." ಅವಳ ದನಿ ಏರಲಿಲ್ಲ. "ಇರುವೆ ಮಾತು ನಾನು ನಿಮಗೊಬ್ಬರಿಗೇ ಹೇಳಿದ್ದು. ನೀವು ಹೇಳಿದ್ರಾ ಟೀಚರ್?"

ಪ್ರಾರ್ಥನೆಯಲ್ಲಿ ಹೇಳಿದೆ, ದೇವರ ಹತ್ತಿರ ಹೇಳಿದೆ, ಅದು ಹೇಳಿದ ಹಾಗಲ್ಲ—ಹೀಗೆಲ್ಲ ಮಾತು ನಾಲಿಗೆಯ ತುದಿಗೆ ಬಂತು. ಅದೆಲ್ಲ ನೆಪ ಎಂದು ಅವರಿಗೇ ಗೊತ್ತಿತ್ತು. ಎಷ್ಟೋ ವರ್ಷದ ಹಿಂದೆ ಬಿಟ್ಟುಹೋಗಿದ್ದ ಉಗ್ಗು ಆ ಬೀದಿಯಲ್ಲಿ ಮರಳಿ ಬಂತು.

"ಹೇ... ಹೇಳ್ದೆ ಮಗು."

ಹುಡುಗಿ ಮತ್ತೆ ಬಟ್ಟೆಗೆ ನೀರು ಚಿಮುಕಿಸತೊಡಗಿದಳು.

ಹೆಡ್ ಮಿಸ್ಸಿನ ಕೋಣೆಯ ಬಾಗಿಲನ್ನು ಟೀಚರ್ ಅಂದು ತಟ್ಟದೆ ತಳ್ಳಿದರು.

"ಇನ್ನೂ ಆರು ವಾರ ಇತ್ತಲ್ಲೇ! ನಾನು ದಿನಾ ಬೆಳಿಗ್ಗೆ ಹೇಳಿಕೊಡ್ತಿದ್ದೆ!"

"ಕೂತ್ಕೋ ಮೊದಲು. ಒಂಬತ್ತು ವರ್ಷದಿಂದ ನೂರಕ್ಕೆ ನೂರು ರಿಸಲ್ಟ್ ಬಂದಿದೆ. ಕಮಿಟಿಯವರು ನನ್ನ ತಲೆ ಮೇಲೆ ಕೂತಿದ್ದಾರೆ. ಮಿಕ್ಕ ತೊಂಬತ್ತೊಂಬತ್ತು ಮಕ್ಕಳ ಬಗ್ಗೆ ಯಾರು ಯೋಚನೆ ಮಾಡಬೇಕು, ಹೇಳು?"

ಎಷ್ಟು ಸಲ ಚರ್ಚಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ನೂರು ಕುರಿಗಳಲ್ಲಿ ತಪ್ಪಿಹೋದ ಒಂದರ ಕತೆ ಕೇಳಿದ್ದರು! ತೊಂಬತ್ತೊಂಬತ್ತನ್ನು ಬಿಟ್ಟು ಕುರುಬ ಬೆಟ್ಟ ಹತ್ತಿ ಹುಡುಕಿದ್ದು ಯಾವುದನ್ನು ಎಂದು ಇವಳಿಗೆ ಹೇಳಿಕೊಡಬೇಕೇ ಅನಿಸಿತು ಟೀಚರಿಗೆ.

"ನನ್ನ ಹೆಸರು ಯಾಕೆ ಹೇಳಿದೆ?"

"ಇಲ್ದಿದ್ರೆ ಆ ತಾಯಿ ನಂಬ್ತಾನೇ ಇರಲಿಲ್ಲ. ನಿನ್ನ ಮಾತು ಅಂದ್ರೆ ಆಕೆಗೆ ನಂಬಿಕೆ." ಹೆಡ್ ಮಿಸ್ಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡು, ನಾನೂ ಸುಮ್ಮನೆ ಮಾಡಲಿಲ್ಲ. ಪ್ರಾರ್ಥನೆ ಮಾಡಿಯೇ ಮಾಡಿದ್ದು. ದಾರಿ ತೋರಿಸು ಅಂತ ನೀನೇ ಕೇಳಿದ್ಯಲ್ಲ."

ಟೀಚರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಗೆಳತಿ ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಮಂಡಿಯೂರಿದ್ದಾಳು, ನಿಜಕ್ಕೂ ಕಣ್ಣು ಮುಚ್ಚಿದ್ದಾಳು. ಅದೇ ಹೆಚ್ಚು ಉರಿಸಿತು.

ಮುಂದಿನ ಆರು ಶನಿವಾರ ಅವರು ರಟ್ಟಿನ ಅಕ್ಷರಗಳ ಚೀಲ ಹಿಡಿದುಕೊಂಡು ಇಸ್ತ್ರಿ ಅಂಗಡಿಗೆ ಹೋದರು. ಇಲ್ಲೇ ಹೇಳಿಕೊಡುತ್ತೇನೆ, ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು ಎಂದು ತಾಯಿಗೆ ಹೇಳಿದರು. ತಾಯಿ ಕುರ್ಚಿ ಕೊಟ್ಟು ಕೂರಿಸಿದರೇ ಹೊರತು ಮಾತಾಡಲಿಲ್ಲ. ಹುಡುಗಿ ಒಳಗಿನಿಂದ ಬರಲಿಲ್ಲ. ಆರನೆಯ ಶನಿವಾರ ತಾಯಿಯೇ ಮಡಿಸಿದ ಕಾಗದವೊಂದನ್ನು ಕೈಗಿತ್ತರು. ಗೆರೆ ಹಾಕಿದ ಹಾಳೆ, ಪೆನ್ಸಿಲಿನ ದೊಡ್ಡ ಅಕ್ಷರ:

'ಟೀಚರ್, ಇನ್ನು ಬರಬೇಡಿ. ಅಮ್ಮನಿಗೆ ಬೇಜಾರಾಗುತ್ತದೆ. ನನಗೂ.'

ಒತ್ತಕ್ಷರಗಳೆಲ್ಲ ಸರಿಯಾಗಿದ್ದವು. ಯಾರೂ ಹೇಳಿ ಬರೆಸಿದ್ದಲ್ಲ, ನೋಡಿ ಬಿಡಿಸಿದ್ದೂ ಅಲ್ಲ. ಆ ಮಗು ಸ್ವಂತವಾಗಿ ಬರೆದ ಮೊದಲ ಕಾಗದ. ಟೀಚರ್ ಬೀದಿಯಲ್ಲಿ ನಿಂತೇ ಅದನ್ನು ಮೂರು ಸಲ ಓದಿದರು. ಹೆಮ್ಮೆಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ವರ್ಷವೂ ಶಾಲೆಗೆ ನೂರಕ್ಕೆ ನೂರು ಬಂತು. ಹೆಡ್ ಮಿಸ್ಸಿಗೆ ಹಾರ ಹಾಕಿದರು. ಟೀಚರ್ ಕೆಲಸ ಬಿಡಲಿಲ್ಲ. ಬಿಟ್ಟರೆ ಪ್ರಯೋಗಾಲಯದ ಬೀಗದಕೈ ಯಾರ ಪಾಲಾಗುತ್ತದೋ ಎಂಬ ಅಳುಕು. ಶುಕ್ರವಾರದ ಕೋಣೆಗೆ ಮಾತ್ರ ಮತ್ತೆ ಹೋಗಲಿಲ್ಲ. ಚರ್ಚಿನಲ್ಲಿ ಬೆಂಚು ಬದಲಿಸಿದರು. "ಕ್ಷಮಿಸಿಬಿಡು, ನಿನಗೇ ಹಗುರ" ಎಂದು ಗಂಡ ಹೇಳಿದಾಗ, "ಬಾಯಲ್ಲಿ ಎಷ್ಟೋ ಸಲ ಕ್ಷಮಿಸಿದ್ದೀನಿ ಕಣ್ರೀ. ಒಳಗೆ ಇಳೀತಾ ಇಲ್ಲ" ಅಂದರು. ಕಷ್ಟದಲ್ಲಿದ್ದ ಮಕ್ಕಳಿಗೆ ಆಮೇಲೂ ಬೆಳಿಗ್ಗೆ ಏಳೂವರೆಗೆ ಪಾಠ ನಡೆಯಿತು. ಆದರೆ ಅವರ ಹೆಸರುಗಳನ್ನು ಟೀಚರ್ ದೇವರ ಮುಂದೆಯೂ ಗಟ್ಟಿಯಾಗಿ ಹೇಳಲಿಲ್ಲ.

ಎರಡು ವರ್ಷದ ಮೇಲೆ ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಕಂಡಳು. ಎತ್ತರವಾಗಿದ್ದಳು, ಜಡೆ ಕತ್ತರಿಸಿಕೊಂಡಿದ್ದಳು. ಕಣ್ಣು ಮಂಜಾದ ಒಬ್ಬ ಅಜ್ಜಿಗೆ ಬಸ್ಸುಗಳ ಬೋರ್ಡನ್ನು ಒಂದೊಂದಾಗಿ ಓದಿ ಹೇಳುತ್ತಿದ್ದಳು. ತಡೆಯಿಲ್ಲದೆ, ಸ್ಪಷ್ಟವಾಗಿ. ಟೀಚರ್ ಅರಿವಿಲ್ಲದೆ ಎರಡು ಹೆಜ್ಜೆ ಮುಂದಿಟ್ಟರು. ಹುಡುಗಿ ತಿರುಗಿ ನೋಡಿದಳು. ಗುರುತು ಹತ್ತಿತು. ಮುಖ ಮುಚ್ಚಿದ ಬಾಗಿಲಿನ ಹಾಗಾಯಿತು. ಅಜ್ಜಿಗೆ ಏನೋ ಹೇಳಿ, ಆಗತಾನೇ ಬಂದು ನಿಂತ ಬಸ್ಸನ್ನು ಓಡಿಹೋಗಿ ಹತ್ತಿದಳು.

ಆ ಬಸ್ಸು ಅವಳ ಮನೆಯ ಕಡೆ ಹೋಗುವುದಾಗಿರಲಿಲ್ಲ. ಬೋರ್ಡು ಓದಿಕೊಂಡೇ ಹತ್ತಿದ್ದಳು.